ಸರ್ ಏನಂದರು?

ನಂದಕಿಶೋರ ಸರ್‌ಗೆ ಬನಹಟ್ಟಿಯ ಮೇಲೆ ಇದ್ದ ಸಿಟ್ಟು ಒಂದೇ. ಸದ್ದು. ಅವರು ಇಂಗ್ಲಿಷ್ ಕಲಿಸುವ ಹೈಸ್ಕೂಲು ಮಗ್ಗದ ಓಣಿಯ ನಟ್ಟನಡುವೆ ಇತ್ತು. ಎಡಕ್ಕೆ ಪವರ್‌ಲೂಮ್ ಶೆಡ್ಡು, ಬಲಕ್ಕೆ ಪವರ್‌ಲೂಮ್ ಶೆಡ್ಡು, ಹಿಂದಿನ ಗೋಡೆಗೆ ಆತುಕೊಂಡೇ ಇನ್ನೊಂದು. ಕರೆಂಟು ಇದ್ದಷ್ಟು ಹೊತ್ತೂ ಖಟಕ್ ಖಟಕ್ ಖಟಕ್. ಸರ್ ಹುಟ್ಟಿ ಬೆಳೆದದ್ದು ಜಮಖಂಡಿಯಲ್ಲಿ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಎರಡನ್ನೂ ಮೆಲ್ಲಗೆ ಮಾತಾಡುವ ಪೈಕಿ. ಮಧ್ಯಾಹ್ನ ಉಂಡು ಅಡ್ಡಾದರೆ ಗಡಿಯಾರದ ಟಿಕ್ ಟಿಕ್ ಕೇಳುವಂಥ ಓಣಿ ಅವರದು. ಅಲ್ಲಿಂದ ದಿನಾ ಬಸ್ಸು ಹತ್ತಿ ಬಂದು ಈ ಖಟಕ್ ಖಟಕಿನ ಮೇಲೆ ಇಂಗ್ಲಿಷ್ ಕಿರುಚುವುದು ಯಾವ ಜನ್ಮದ ಪಾಪವೋ ಎಂದು ಅವರು ಎಲ್ಲರೆದುರೂ ಕೇಳುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ, ಬಂದ ಮೊದಲ ವರ್ಷವೇ ಕಿರುಚಿ ಗಂಟಲು ಒಡೆದಿತ್ತು. ಮಕ್ಕಳಿಗೆ ಇಂಗ್ಲಿಷ್ ಮಾತ್ರ ಹತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ಅನ್ನಬಹುದು. ಅನ್ನಿ, ನಾನೇನೂ ಬೇಡ ಅನ್ನುವುದಿಲ್ಲ.

ಗಂಟಲು ಹೋದ ಮೇಲೆ ಸರ್ ಹೊಸದೊಂದು ಚಾಳಿ ಹಚ್ಚಿಕೊಂಡರು. ಮಕ್ಕಳಿಗೆ ಬೈಯಬೇಕಾದಾಗ ದನಿ ತೆಗೆಯುವುದನ್ನೇ ಬಿಟ್ಟು ತುಟಿಯಲ್ಲೇ ಬೈಯತೊಡಗಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾತು, ಬೋರ್ಗಲ್ಲ ಮ್ಯಾಲೆ ನೀರು ಸುರಿದಂಗಾತು, ಇವಕ್ಕ ಯಾತಕ್ಕ ಬೇಕು ಇಂಗ್ಲಿಷು, ಹೀಗೆ ಬಾಯಿಗೆ ಬಂದದ್ದೆಲ್ಲ, ಆದರೆ ಉಸಿರೂ ಹೊರಬಾರದಂತೆ. ಇದರಲ್ಲಿ ಬೈದ ಸಮಾಧಾನವೂ ಇತ್ತು, ಪಾಲಕರ ತಂಟೆಯೂ ಇರಲಿಲ್ಲ. ಒಂದೇ ಒಂದು ಕಿರಿಕಿರಿ ಎಂದರೆ ಈ ಊರಿನ ಮಕ್ಕಳು ಪಾಠದ ಹೊತ್ತಿಗೆ ಬೋರ್ಡು ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿರಲಿಲ್ಲ, ಸರ್ ಬಾಯಿಯನ್ನೇ ನೋಡುತ್ತಿದ್ದವು. ಸರ್‌ಗೆ ಮುಂದಿನ ಹಲ್ಲೊಂದು ಬಿದ್ದಿತ್ತು. ಅದನ್ನೇ ನೋಡಿ ಮಜಾ ತಗೊಳ್ಳುತ್ತಿವೆ ಎಂದುಕೊಂಡು ಇನ್ನೂ ನಾಲ್ಕು ಬೈಯುತ್ತಿದ್ದರು, ತುಟಿಯಲ್ಲೇ.

ಇಂಥ ಸರ್‌ಗೆ ಜಮಖಂಡಿಯಲ್ಲಿ ತರಬೇತಿ ಬಂತು. ಇಂಗ್ಲಿಷ್ ವ್ಯಾಕರಣವನ್ನು ಸೃಜನಶೀಲವಾಗಿ ಕಲಿಸುವುದು ಹೇಗೆ ಎಂಬ ತರಬೇತಿ. ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗ ಬಂದು, ಇನ್ನು ಮುಂದೆ ನಿಯಮ ಬಾಯಿಪಾಠ ಮಾಡಿಸುವುದು ಅಪರಾಧ ಎಂದು ಸಾರಿದ. ಚೆಂಡು ಎಸೆಯಿರಿ, ಹಾಡಿರಿ, ಕುಣಿಯಿರಿ, ವ್ಯಾಕರಣ ತಾನಾಗಿ ಬರುತ್ತದೆ ಎಂದ. ಮಂಡಿ ಸವೆದ ಮಾಸ್ತರರೆಲ್ಲ ವೃತ್ತಾಕಾರ ನಿಂತು ಚೆಂಡು ಎಸೆದರು. ಹಿಡಿದವರು ಒಂದು ಕ್ರಿಯಾಪದ ಹೇಳಬೇಕು. ಸೊಂಟ ಹಿಡಿದ ಒಬ್ಬರು 'ಗೋ' ಎಂದದ್ದೇ ಮೂಲೆಯ ಕುರ್ಚಿಗೆ ಹೋಗಿ ಕೂತುಬಿಟ್ಟರು. ಎಲ್ಲದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಲಾಯಿತು. ಫೋಟೋ ಬಿದ್ದ ಮೇಲೆ ಕಲಿಕೆ ಆದಂತೆಯೇ ಲೆಕ್ಕ.

ಕೊನೆಯ ದಿನ ಒಂದು ಸುದ್ದಿ ಹೊರಬಿತ್ತು. ಈ ವರ್ಷವೂ ಸುತ್ತಿನ ತಾಲೂಕುಗಳಲ್ಲಿ ಯಾರು ಅತಿ ಸೃಜನಶೀಲ ವ್ಯಾಕರಣ ಪಾಠ ಮಾಡಿ ತೋರಿಸುತ್ತಾರೋ ಅವರನ್ನು ಜಮಖಂಡಿಯ ತರಬೇತಿ ಕೇಂದ್ರಕ್ಕೇ ತೆಗೆದುಕೊಳ್ಳುತ್ತಾರಂತೆ. ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು, ಮನೆಯಿಂದ ನಡೆದು ಹೋಗುವಷ್ಟು ದೂರ. ಎಲ್ಲಕ್ಕಿಂತ ಹೆಚ್ಚಾಗಿ, ಸುತ್ತಮುತ್ತ ಒಂದೇ ಒಂದು ಮಗ್ಗವಿಲ್ಲ. ಸರ್‌ಗೆ ಆ ರಾತ್ರಿ ಊಟ ಇಳಿಯಲಿಲ್ಲ. ಈ ಹುದ್ದೆ ಸಿಕ್ಕರೆ ಸೈ, ಇಲ್ಲವಾದರೆ ನಿವೃತ್ತಿಯ ತನಕ ಖಟಕ್ ಖಟಕ್ ತಪ್ಪಿದ್ದಲ್ಲ ಎಂದು ಹೆಂಡತಿ ಹರ್ಷದಾ ಅವರ ಮುಂದೆ ತೋಡಿಕೊಂಡರು. ಹರ್ಷದಾ ಅವರು ತಾಟಿಗೆ ಭಕ್ಕರಿ ಹಾಕುತ್ತ ಒಂದೇ ಮಾತು ಕೇಳಿದರು.

"ಜಮಖಂಡಿಗೆ ಬಂದ ಮ್ಯಾಲೆ ಬೈಲಿಕ್ಕೆ ಯಾರು ಸಿಗತಾರ ನಿಮಗ?"

ಸರ್ ಎದೆಯೊಳಗೆ ಇನ್ನೊಂದು ಮುಳ್ಳೂ ಇತ್ತು. ಅದು ಹರ್ಷದಾ ಅವರ ತಮ್ಮ ಅಜಿತ. ಮುಧೋಳದ ಶಾಲೆಯಲ್ಲಿದ್ದ ಅಜಿತ ಹೋದ ವರ್ಷ ಇದೇ ಸ್ಪರ್ಧೆಯಲ್ಲಿ ಗೆದ್ದು ಈಗ ಅದೇ ಕೇಂದ್ರದಲ್ಲಿ ಫ್ಯಾನಿನ ಕೆಳಗೆ ಕೂತಿದ್ದ. ಗೆದ್ದದ್ದು ಹೇಗೆ? ತರಗತಿಯೊಳಗೆ ಮುಧೋಳದ ಬೇಟೆನಾಯಿ ತಂದು. ನಾಯಿ ಮಾಸ್ತರರಿಗಿಂತ ತೆಳ್ಳಗಿದೆ, ನಾಯಿ ಎಲ್ಲರಿಗಿಂತ ಜೋರಾಗಿ ಓಡುತ್ತದೆ ಎಂದು ಮಕ್ಕಳಿಂದ ಹೋಲಿಕೆಯ ವಾಕ್ಯ ಹೇಳಿಸಿದ್ದನಂತೆ. ನಾಯಿ ಹಗ್ಗ ಬಿಡಿಸಿಕೊಂಡು ಪರಿವೀಕ್ಷಕರ ಮೇಲೆ ಹೋದಾಗ ಅವರು ನಾಯಿಗಿಂತ ಜೋರಾಗಿ ಓಡಿದರು ಎಂಬುದು ಮುಧೋಳದಲ್ಲಿ ಇವತ್ತಿಗೂ ಹೇಳುವ ಉದಾಹರಣೆ. ಆದರೂ ಬಹುಮಾನ ಬಂತು. ನಾಯಿಯಿಂದ ಆದದ್ದು ತನ್ನಿಂದ ಆಗದೇ ಎಂದು ಸರ್ ಪಣ ತೊಟ್ಟರು.

ಮೊದಲು ಚೆಂಡು. ಚೆಂಡು ಎರಡನೆಯ ಎಸೆತಕ್ಕೇ ಕಿಟಕಿ ದಾಟಿ ಪಕ್ಕದ ಶೆಡ್ಡಿನ ಮಗ್ಗದೊಳಗೆ ಬಿತ್ತು. ಮಗ್ಗದ ಮಾಲೀಕ ಕಡಿದ ಎಳೆಗಳ ಸಮೇತ ಬಂದು ಹೆಡ್‌ಮಾಸ್ತರ ಶಿದ್ರಾಮಪ್ಪನವರಿಗೆ ಕ್ರಿಯಾಪದಗಳನ್ನು ಹೇಳಿ ಹೋದ. ಆಮೇಲೆ ಲಾಡು. ಲಾಡು ಮೇಜಿನ ಮೇಲೆ, ಲಾಡು ಡಬ್ಬಿಯೊಳಗೆ, ಲಾಡು ಕುರ್ಚಿಯ ಕೆಳಗೆ ಎಂದು ಕಲಿಸುವ ಉಪಾಯ. 'ಮೇಲೆ' ಮುಗಿಯುವಷ್ಟರಲ್ಲಿ ಲಾಡು ಮುಗಿದಿದ್ದವು. ಆಮೇಲೆ ಹಾಡು. ಸರ್ ಗಂಟಲಿನಿಂದ ಹೊರಟ ಹಾಡಿಗೆ ಓಣಿಯ ನಾಯಿ ಓಗೊಟ್ಟಿತು. ಈ ನಾಯಿಗೆ ಯಾರೂ ಬಹುಮಾನ ಕೊಡಲಿಲ್ಲ.

ಈ ನಡುವೆ ಮುಂದಿನ ಬೆಂಚು ಖಾಲಿಯಾಗಿತ್ತು. ಅಲ್ಲಿ ಕೂರುತ್ತಿದ್ದ ನಂದಾ ಎಂಬ ಹುಡುಗಿ ದಸರಾ ರಜೆಯ ನಂತರ ಬರಲೇ ಇಲ್ಲ. ಸಂಶಯ ಕೇಳಿ ಕೇಳಿ ಪ್ರಾಣ ತಿನ್ನುವ ಹುಡುಗಿ. ಸರ್‌ಗೆ ಒಳಗೊಳಗೆ ಹಗುರಾಯಿತು. ಶಿದ್ರಾಮಪ್ಪನವರು ಕೇಳಿದಾಗ, ಮಗ್ಗದ ಮಂದಿಯದು ಇದೇ ಹಣೆಬರಹ, ಕೈ ಬಲಿತರೆ ಸಾಕು ಕೂಸುಗಳನ್ನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂರಿಸುತ್ತಾರೆ ಎಂದು ಸರ್ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಅವರಿಗೇ ಎಷ್ಟು ಹಿಡಿಸಿತೆಂದರೆ ಮುಂದೆ ಎರಡು ಭಾಷಣಗಳಲ್ಲಿ ಅದನ್ನು ಬಳಸಿದರು.

ಕೊನೆಗೆ ಕೈಹಿಡಿದದ್ದು ಒಬ್ಬರು ಅಂದದ್ದನ್ನು ಇನ್ನೊಬ್ಬರು ವರದಿ ಮಾಡುವ ಪಾಠ. ಸರ್ ಇದಕ್ಕೊಂದು ಆಟ ಕಟ್ಟಿದರು. ದುರಗೇಶ ಎಂಬ ಹುಡುಗ ಕಿಟಕಿಯ ಹೊರಗೆ ನಿಂತು ಏನಾದರೂ ಅನ್ನಬೇಕು. ಒಳಗಿನವರು ಅವನು ಏನೆಂದನೆಂದು ಇಂಗ್ಲಿಷಿನಲ್ಲಿ ವರದಿ ಮಾಡಬೇಕು. ದುರಗೇಶ ಹೊರಗೆ ಬಾಯಿ ಆಡಿಸಿದ. ಖಟಕ್ ಖಟಕಿನಲ್ಲಿ ಸರ್‌ಗೆ ಒಂದಕ್ಷರ ಕೇಳಲಿಲ್ಲ. ಆದರೆ ಐಶ್ವರ್ಯ ಎಂಬ ಹುಡುಗಿ ಎದ್ದು ನಿಂತು, ದುರಗೇಶ ಸೆಡ್ ದ್ಯಾಟ್ ಹಿ ವಾಸ್ ಹಂಗ್ರಿ ಎಂದು ಪಟ್ಟನೆ ಒಪ್ಪಿಸಿದಳು. ಇನ್ನೊಬ್ಬ ಎದ್ದ, ಮತ್ತೊಬ್ಬಳು ಎದ್ದಳು. ಒಂದೂ ತಪ್ಪಿಲ್ಲ. ವರ್ಷವಿಡೀ 'ಹಿ ಗೋ' ಎಂದವರ ಬಾಯಲ್ಲಿ ಈಗ ಕಾಲ, ವಚನ, ಲಿಂಗ ಎಲ್ಲ ಸಾಲಾಗಿ ಬರುತ್ತಿದ್ದವು. ಇದು ಹೇಗೆ ಎಂದು ಸರ್ ಕೇಳಲಿಲ್ಲ. ಯಾಕೆ ಕೇಳಬೇಕು? ತನ್ನ ಬುದ್ಧಿಯ ಪವಾಡಕ್ಕೆ ಯಾರಾದರೂ ಕಾರಣ ಹುಡುಕುತ್ತಾರೆಯೇ? ಮನೆಗೆ ಬಂದವರೇ ಆಟಕ್ಕೆ 'ಸರ್ ಏನಂದರು?' ಎಂದು ಹೆಸರಿಟ್ಟು ಅರ್ಜಿ ಕಳಿಸಿದರು.

ಪರೀಕ್ಷಿಸಲು ಬಂದವರು ಇಬ್ಬರು. ಬೀಳಗಿ ಕಡೆಯ ಪರಿವೀಕ್ಷಕರು ಬಸಗೊಂಡಪ್ಪ ಸಾಹೇಬರು, ಮತ್ತು ಅವರ ಬಲಗೈಯಾಗಿ ಅಜಿತ. ಹತ್ತಕ್ಕೆ ಬರಬೇಕಾದವರು ಬಿಸಿಲು ನೆತ್ತಿಗೆ ಬಂದ ಮೇಲೆ ಬಂದರು. ಅವರ ಜೀಪು ಕಂಡಾಗ ಸರ್ ಮಕ್ಕಳತ್ತ ಮುಖ ಮಾಡಿ ನಿಂತಿದ್ದರು. ತುಟಿ ಚಾಳಿಯಂತೆ ತನ್ನ ಕೆಲಸ ಮಾಡಿತು. ಕೂಡಲೇ ತಿರುಗಿ ಕೈ ಮುಗಿದು ನಕ್ಕರು.

ಪಾಠ ನೋಡಲು ಬಂದವರು ಹಿಂದೆ ಕೂರಬೇಕು. ಅದು ಶಾಸ್ತ್ರ. ಆದರೆ ಶಿದ್ರಾಮಪ್ಪನವರು ಒಪ್ಪಿಯಾರೆ? ಸಾಹೇಬರನ್ನು ಹಿಂದೆ ಕೂರಿಸುವುದೆಂದರೇನು! ನಮ್ಮ ಕಡೆ ಮದುವೆಗಾಗಲಿ, ಮಣ್ಣಿಗಾಗಲಿ, ದೊಡ್ಡವರು ಬಂದರೆ ಎಲ್ಲರಿಗೂ ಮುಖ ಕಾಣುವಂತೆ ಮುಂದೆ ಕೂರಿಸಬೇಕು. ಬೋರ್ಡಿನ ಮಗ್ಗುಲಲ್ಲೇ ಎರಡು ಕುರ್ಚಿ ಹಾಕಿ, ಶಾಲು ಹೊದಿಸಿ, ಮಾಲೆ ಹಾಕಿ, ಮಕ್ಕಳಿಗೆ ಎದುರಾಗಿ ಕೂರಿಸಿದರು. ಹಿಂದಿನ ಸಾಲಿನಲ್ಲಿ ಊರಿನ ಹಿರಿಯರು, ಪಾಲಕರು, ಫೋನು ಎತ್ತಿ ಹಿಡಿದ ನಾಲ್ಕಾರು ಜನ. ಸರ್ ಮಕ್ಕಳ ನಡುವೆ ಓಡಾಡುತ್ತ ಪಾಠ ಶುರು ಮಾಡಿದರು. ಕುರ್ಚಿಯ ಮೇಲಿನ ಇಬ್ಬರೂ ಮಗ್ಗದ ಸದ್ದಿನ ಧೈರ್ಯದಲ್ಲಿ ತಲೆಗೆ ತಲೆ ತಾಗಿಸಿ ಮಾತಿಗೆ ಕೂತರು. ಪಕ್ಕದಲ್ಲಿ ಗುಂಡು ಹಾರಿದರೂ ಕೇಳದ ಸದ್ದು ಅದು, ಯಾರಿಗೆ ಅಂಜಬೇಕು?

ಕಿಟಕಿಯ ಹೊರಗೆ ದುರಗೇಶನ ಬದಲು ಇನ್ನೊಬ್ಬ ನಿಂತು ವಾಕ್ಯ ಅಂದ, ಮಕ್ಕಳು ವರದಿ ಮಾಡಿದರು. ಎಲ್ಲ ಸರಿಯಾಗಿಯೇ ನಡೆಯಿತು. ಆಗ ಬಸಗೊಂಡಪ್ಪ ಸಾಹೇಬರು ಕೈ ಎತ್ತಿ ನಿಲ್ಲಿಸಿ, ಇದೆಲ್ಲ ಗಿಳಿಪಾಠ, ಕಲಿಸಿಟ್ಟದ್ದು ಬೇಡ, ಈಗ ಈ ಕೋಣೆಯೊಳಗೆ ಯಾರಾದರೂ ಅಂದದ್ದನ್ನು ಹೇಳಿಸಿ ನೋಡೋಣ ಎಂದು ಕೂಗಿದರು. ಸರ್‌ಗೆ ಎದೆ ಉಬ್ಬಿತು. ಮಕ್ಕಳತ್ತ ತಿರುಗಿ, ಹೇಳ್ರಿ, ಯಾರು ಏನಂದ್ರು, ಅಂಜಬ್ಯಾಡ್ರಿ ಎಂದರು. ಕೋಣೆಯ ತುಂಬ ಕೈಗಳು ಎದ್ದವು.

ಮೊದಲು ದುರಗೇಶ ಎದ್ದ. ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ, ಹುದ್ದೆಯನ್ನು ತಮ್ಮ ಅಳಿಯನಿಗೆ ಕೊಡುವುದು ಎಂದೋ ತೀರ್ಮಾನವಾಗಿದೆ ಎಂದು, ಇದನ್ನು ಲಗೂನೆ ಮುಗಿಸಿ ಹೋಳಿಗೆ ಆರುವ ಮೊದಲು ಊಟಕ್ಕೆ ಏಳೋಣ ಎಂದು ಬಸಗೊಂಡಪ್ಪ ಸಾಹೇಬರು ಅಂದರೆಂದು ಗಟ್ಟಿಯಾಗಿ ಕೂಗಿ ವರದಿ ಮಾಡಿದ. ಹಿಂದಿನ ಸಾಲಿನಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ನೂಲಿನ ವ್ಯಾಪಾರಿ ಉಳಿದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಸಾಹೇಬರ ಕೈ ಮಾಲೆಯ ಮೇಲೆ ಹೋಯಿತು.

ಐಶ್ವರ್ಯ ಎದ್ದಳು. ತನ್ನ ಭಾವನಿಗೆ ಈ ಹುದ್ದೆ ಕೊಡಬಾರದೆಂದು, ಆತ ಜಮಖಂಡಿಯ ಆಫೀಸಿಗೆ ಬಂದರೆ ದಿನಾ ಮಧ್ಯಾಹ್ನ ತನ್ನ ಮನೆ ಬಿಟ್ಟು ತಮ್ಮ ಮನೆಗೇ ಊಟಕ್ಕೆ ಬಂದು ಕೂರುತ್ತಾನೆಂದು, ಬನಹಟ್ಟಿಯಲ್ಲೇ ಇರಲಿ ಅದೇ ಛಲೋ ಎಂದು ಅಜಿತ ಸರ್ ಅಂದರು ಎಂದಳು. ಸರ್ ತಿರುಗಿ ಅಜಿತನ ಮುಖ ನೋಡಿದರು. ಅಜಿತ ಗೋಡೆಯ ನಕಾಶೆಯಲ್ಲಿ ತುಬಚಿ ಊರು ಎಲ್ಲಿದೆ ಎಂದು ಹುಡುಕತೊಡಗಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಎಡಗಡೆಯ ಶೆಡ್ಡು, ಬಲಗಡೆಯ ಶೆಡ್ಡು, ಹಿಂದಿನ ಶೆಡ್ಡು ಎಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಹದಿನಾಲ್ಕು ವರ್ಷದಿಂದ ಸರ್ ಬೇಡಿಕೊಂಡ ಮೌನ ಅದು. ಆ ಮೌನದಲ್ಲಿ ಮೂರನೆಯ ಸಾಲಿನ ಸಣ್ಣ ಹುಡುಗಿಯೊಬ್ಬಳು ಎದ್ದು, ಜೀಪು ಬಂದಾಗ 'ಎಮ್ಮಿ ಎರಡೂ ಹೊಂಡದಾಗಿಂದ ಈಗ ಎದ್ದು ಬಂದವು' ಎಂದು ನಮ್ಮ ಸರ್ ಅಂದರು ಎಂದು ಸೊಗಸಾದ ಇಂಗ್ಲಿಷಿನಲ್ಲಿ, ಮಣಿ ಪೋಣಿಸಿದಂತೆ ಹೇಳಿ ಕೂತಳು.

ಸರ್‌ಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ಮುಗಿಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡರು. ಆದರೆ ಸರ್ಕಾರಿ ಅನ್ನ ತಿಂದು ಬಲಿತ ತಲೆ ಹೇಗಿರುತ್ತದೆ ನೋಡಿ. ಬಸಗೊಂಡಪ್ಪ ಸಾಹೇಬರು ಹಿಂದಿನ ಸಾಲಿನ ಫೋನುಗಳನ್ನು ಒಮ್ಮೆ ನೋಡಿದರು, ಶಾಲು ಸರಿಮಾಡಿಕೊಂಡು ಎದ್ದು ನಿಂತರು, ಚಪ್ಪಾಳೆ ತಟ್ಟಿದರು. "ಶಾಬಾಸ್! ಮಕ್ಕಳ ಪರೀಕ್ಷಾ ಮಾಡೂಣಂತ ನಾವು ಬೇಕಂತನ ಹಂಗ ಅಂದಿದ್ವಿ. ಎಲ್ಲಾರೂ ಪಾಸ್." ಅಜಿತನೂ ಚಪ್ಪಾಳೆ ತಟ್ಟಿದ. ಸರ್‌ಗೆ ಹೋದ ಜೀವ ಬಂತು. ತಾವೂ ಎಮ್ಮೆಯ ಮಾತನ್ನು ಪರೀಕ್ಷೆಗೆಂದೇ ಅಂದದ್ದು ಎಂದು ತೊದಲಿದರು. ಎಲ್ಲರೂ ನಕ್ಕರು. ಪರೀಕ್ಷೆ ಎಂದ ಮೇಲೆ ಬಹುಮಾನ ಬೇರೆಯವರಿಗೆ ಕೊಡಲು ದಾರಿಯೇ ಉಳಿಯಲಿಲ್ಲ. ನಾಲ್ಕೇ ದಿನದಲ್ಲಿ ಸರ್ ಹೆಸರಿಗೆ ಆದೇಶ ಬಂತು. ಅದರ ಬೆನ್ನಿಗೇ ವಾಟ್ಸಾಪ್ ಗುಂಪಿನಲ್ಲಿ ಒಂದು ಸೂಚನೆಯೂ ಬಿತ್ತು: 'ಸರ್ ಏನಂದರು?' ಆಟವನ್ನು ಅಧಿಕಾರಿಗಳ ಸಮ್ಮುಖದಲ್ಲಿ ಆಡಿಸತಕ್ಕದ್ದಲ್ಲ.

ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಸರ್ ಕೊನೆಯ ದಿನ ತರಗತಿಗೆ ಬಂದರು. ಖುಷಿ ಇತ್ತು. ಆದರೆ ಅವತ್ತಿನಿಂದ ಒಂದು ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನ ಹಾಗೆ ಕಾಡುತ್ತಿತ್ತು. ಐಶ್ವರ್ಯಳನ್ನು ಕರೆದು, ಅಷ್ಟು ಸದ್ದಿನಲ್ಲಿ ನಿಮಗೆ ಅದೆಲ್ಲ ಕೇಳಿದ್ದಾದರೂ ಹೇಗೆ ಎಂದು ವಿಚಾರಿಸಿದರು.

"ಕೇಳಿಲ್ರಿ ಸರ್, ನೋಡಿದ್ವಿ. ಮಗ್ಗದ ಮನ್ಯಾಗ ಮಾತು ಎಲ್ಲಿ ಕೇಳಸ್ತೈತ್ರಿ? ಅವ್ವ ಆ ಕಡಿ ಮಗ್ಗದಿಂದ ತುಟಿಯಾಗ ಕರೀತಾಳ, ನಾವು ಈ ಕಡಿಂದ ಹೂಂ ಅಂತೀವಿ. ಸಣ್ಣವ್ರಿದ್ದಾಗಿಂದ ಹಂಗರಿ."

ಸರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹದಿನಾಲ್ಕು ವರ್ಷ. ಅಷ್ಟೂ ವರ್ಷ ಅಷ್ಟೂ ಮಕ್ಕಳು ನೋಡಿದ್ದು ಬಿದ್ದ ಹಲ್ಲನ್ನಲ್ಲ. ತನ್ನ ಮಾತನ್ನೂ ನೋಡುತ್ತಿದ್ದಿರೇನು ಎಂದು ಕೇಳಿದರು. ಹುಡುಗಿ ನೆಲ ನೋಡುತ್ತ ಹೂಂ ಎಂದಳು. ಬಿಡುವಿನ ಹೊತ್ತಿಗೆ ಅವರದೊಂದು ಆಟವಿತ್ತಂತೆ. ಸರ್ ಇವತ್ತು ಏನಂದರು ಎಂದು ಒಬ್ಬರು ಕೇಳಬೇಕು, ಇನ್ನೊಬ್ಬರು ಇಂಗ್ಲಿಷಿನಲ್ಲಿ ಹೇಳಬೇಕು, ತಪ್ಪಿದವರು ಔಟ್. ದಿನಕ್ಕೆ ಬೇಕಾದಷ್ಟು ವಾಕ್ಯ ಸಿಗುತ್ತಿದ್ದವಂತೆ. ಹಿಂದಿನ ವರ್ಷದವರೂ ಆಡುತ್ತಿದ್ದರಂತೆ, ಅವರೇ ಇವರಿಗೆ ಕಲಿಸಿದ್ದಂತೆ. ತಾನು ಕಂಡುಹಿಡಿದೆನೆಂದು ಮೆರೆದ ಆಟ ತನ್ನ ಬೈಗುಳದ ಮೇಲೆಯೇ ವರ್ಷಗಳಿಂದ ನಡೆದಿತ್ತು. ವ್ಯಾಕರಣ ಕಲಿತದ್ದು ಚೆಂಡಿನಿಂದಲ್ಲ, ಲಾಡಿನಿಂದಲ್ಲ.

"ಎಂದೂ ಔಟ್ ಆಗದಾಕಿ ನಂದಾ ಒಬ್ಬಾಕೀನರಿ" ಎಂದಳು ಐಶ್ವರ್ಯ. "ಮುಂದಿನ ಬೆಂಚಿನ್ಯಾಗ ಕುಂದರತಿದ್ಲಲ್ರಿ, ಆಕಿಗೆ ಎಲ್ಲಾ ಛಲೋ ಕಾಣಸ್ತಿತ್ತು."

ಸರ್ ಮುಂದಿನ ಬೆಂಚು ನೋಡಿದರು. ಕೇಳಬಾರದಿತ್ತು, ಆದರೂ ನಂದಾ ಶಾಲೆ ಬಿಟ್ಟದ್ದು ಯಾಕೆಂದು ಕೇಳಿದರು. ಐಶ್ವರ್ಯ ಹೇಳಲು ಒಲ್ಲೆ ಎಂದಳು. ಇವರು ಬಿಡಲಿಲ್ಲ. ಕೊನೆಗೆ ಹುಡುಗಿ ಮೆಲ್ಲಗೆ ಹೇಳಿದಳು. ದಸರಾ ರಜೆಯ ಹಿಂದಿನ ದಿನ ನಂದಾ ಒಂದೇ ಸಂಶಯವನ್ನು ಮತ್ತೆ ಕೇಳಿದಳಂತೆ. ಸರ್ ಬೋರ್ಡಿನಿಂದ ತಿರುಗಿ, ಅವಳ ಮುಖವನ್ನೇ ನೋಡುತ್ತ, 'ನೂಲು ಸುತ್ತೂ ಕೈಗೆ ಇಂಗ್ಲಿಷ್ ಯಾತಕ್ಕ, ಮನ್ಯಾಗ ಕುಂತು ಕಂಡಿಕಿ ಸುತ್ತು ಹೋಗು' ಎಂದರಂತೆ. ಅವತ್ತು ಬಿಡುವಿನಲ್ಲಿ ಯಾರೂ ಆಟ ಆಡಲಿಲ್ಲವಂತೆ.

ಸರ್ ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಅಂಥ ಎಷ್ಟೋ ಅಂದಿದ್ದರು, ಇದು ಯಾವುದೆಂದು ನೆನಪಿರಬೇಕು? ನೆನಪಾಗದಿದ್ದದ್ದೇ ಅವರಿಗೆ ಹೆಚ್ಚು ಚುಚ್ಚಿತು. ಮಗ್ಗದ ಮಂದಿಯ ಹಣೆಬರಹ ಎಂದು ಎರಡು ಭಾಷಣದಲ್ಲಿ ನಿಟ್ಟುಸಿರು ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಾಯಿತು.

ನಂದಾಳ ಮನೆ ದೂರವೇನೂ ಇರಲಿಲ್ಲ. ಶಾಲೆಯ ಹಿಂದಿನ ಗೋಡೆಗೆ ಆತುಕೊಂಡ ಶೆಡ್ಡೇ ಅವರದು. ಜಮಖಂಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ಮಾತು ಹೇಳಿ, ಹುಡುಗಿಯನ್ನು ಶಾಲೆಗೆ ಕರೆದು, ಹಗುರಾಗಿ ಬಸ್ಸು ಹತ್ತೋಣ ಎಂದುಕೊಂಡು ಸರ್ ಐಶ್ವರ್ಯಳನ್ನು ಕರೆದುಕೊಂಡು ಗೋಡೆ ಸುತ್ತಿ ಹೋದರು. ಶೆಡ್ಡಿನೊಳಗೆ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಆ ತುದಿಯಲ್ಲಿ, ತರಗತಿಯ ಗೋಡೆಗೆ ಬೆನ್ನು ಹಚ್ಚಿ ಕೂತು ನಂದಾ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇಷ್ಟು ದಿನ ಸರ್ ಪಾಠ ಮಾಡಿದ್ದು ಅವಳ ಬೆನ್ನ ಹಿಂದೆಯೇ.

ಸರ್ ಬಾಗಿಲಲ್ಲಿ ನಿಂತು ಕೂಗಿದರು. ಒಡಕು ಗಂಟಲಿನ ಕೂಗು ಅವರಿಗೇ ಕೇಳಲಿಲ್ಲ. ನಂದಾ ತಲೆಯೆತ್ತಿ ನೋಡಿದಳು, ಕಣ್ಣನ್ನಲ್ಲ, ಬಾಯಿಯನ್ನು. ಆಗ ಸರ್ ಕೂಗುವುದನ್ನು ಬಿಟ್ಟು ತುಟಿಯಲ್ಲೇ, ನಿಧಾನವಾಗಿ, ತಪ್ಪಾತವ್ವ, ನಾಳಿಂದ ಸಾಲಿಗೆ ಬಾ ಎಂದರು. ಇಷ್ಟು ವರ್ಷದಲ್ಲಿ ಆ ತುಟಿಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ನಂದಾ ನೂಲಿನಿಂದ ಕೈ ತೆಗೆಯದೆ ತುಟಿ ಆಡಿಸಿದಳು. ಸರ್‌ಗೆ ಏನೂ ತಿಳಿಯಲಿಲ್ಲ. ಶೆಡ್ಡಿನಲ್ಲಿದ್ದ ಅವಳ ಅವ್ವನಿಗೆ ತಿಳಿಯಿತು, ಮಗ್ಗದ ಮುಂದಿದ್ದ ಅಣ್ಣನಿಗೆ ತಿಳಿಯಿತು, ಬಾಗಿಲಲ್ಲಿದ್ದ ಐಶ್ವರ್ಯಳಿಗೂ ತಿಳಿಯಿತು. ಅವಳು ಏನಂದಳು ಎಂದು ಸರ್ ಕೇಳಿದರು. ಐಶ್ವರ್ಯ ಪಾಠದ ರೂಢಿಯಂತೆ ನೆಟ್ಟಗೆ ನಿಂತು, ಅವರ ಕಿವಿಯ ಹತ್ತಿರ ಬಾಯಿ ತಂದು ಇಂಗ್ಲಿಷಿನಲ್ಲೇ ವರದಿ ಒಪ್ಪಿಸಿದಳು. ಸರ್ ಹೇಳಿದ ಕೆಲಸವನ್ನೇ ತಾನು ಮಾಡುತ್ತಿದ್ದೇನೆಂದು ನಂದಾ ಅಂದಳು, ಎಂದಳು.

ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಮಾಸ್ತರಿಕೆಯ ಚಾಳಿ ಎಲ್ಲಿ ಬಿಡುತ್ತದೆ? ಸರ್ ತುಟಿ ತಾನಾಗಿ 'ಕರೆಕ್ಟ್' ಎಂದುಬಿಟ್ಟಿತು. ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಶೆಡ್ಡಿನಲ್ಲಿದ್ದವರೆಲ್ಲ ನೋಡಿದರು.